ಗುಡ್ಡದ ಒಕ್ಕಲು

ದೇಹೂ ರೋಡಿನಿಂದ ತಳೇಗಾವದ ಕಡೆಗೆ ಹೊರಟರೆ ಹೆದ್ದಾರಿಯ ಮಗ್ಗುಲಲ್ಲಿ ಘೋರಾಡೇಶ್ವರದ ಗುಡ್ಡವು ಕಾಣುತ್ತದೆ. ಅಲ್ಲಿಯ ಗವಿಗಳನ್ನು ನಮ್ಮ ಶಾಲೆಯ ಅನೇಕರು ನೋಡಿರಬಹುದು. ಆ ಗುಡ್ಡದಲ್ಲಿ ನಾನು ಕಲಿತ ಪಾಠವೊಂದನ್ನು, ಎಳೆಯ ಗೆಳೆಯರೆ, ನಿಮ್ಮ ಮುಂದಿಡುತ್ತೇನೆ.

2006ನೆಯ ಇಸವಿಯ ಬೇಸಗೆ. ನಾನು ಆರನೆಯ ಇಯತ್ತೆಯ ಪರೀಕ್ಷೆಯನ್ನು ಮುಗಿಸಿದ್ದೆ. ನನ್ನ ಸೋದರಮಾವನವರು ಕುದುರೆಮುಖದಿಂದ ನಮ್ಮ ಮನೆಗೆ ಬಂದರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅವರು ಅಲ್ಲಿಯ ಗಣಿಯೂರಿನಲ್ಲಿ ಚಿಕ್ಕದೊಂದು ಉಪಾಹಾರಗೃಹವನ್ನು ನಡೆಸಿದ್ದರು. ಗಣಿ ನಿಂತಿತು, ಗಿರಾಕಿಗಳು ಚದುರಿದರು, ಮಾವನವರು ಅಂಗಡಿಯ ಬಾಗಿಲೆಳೆದು, ಇಲ್ಲಿ ಪರರ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದರು.

“ಒಂದು ಕೋತಿಗಾಗಿ ನಿಮ್ಮ ಅನ್ನ ಹೋಯಿತಲ್ಲ, ಮಾವ!” ಎಂದೆ. ಹಿರಿಯರ ಬಾಯಲ್ಲಿ ಕೇಳಿದ್ದ ಮಾತದು. ಅವರು ಉತ್ತರ ಕೊಡಲಿಲ್ಲ. ರವಿವಾರ ನನ್ನನ್ನು ಆ ಗುಡ್ಡಕ್ಕೆ ಕರೆದೊಯ್ದು, ವಹಿಯೊಂದನ್ನು ಕೈಗಿತ್ತು, “ಇಲ್ಲಿ ಯಾರು ಯಾರು ಒಕ್ಕಲಿದ್ದಾರೆ, ಬರೆ” ಎಂದರು. ಸುತ್ತಲೂ ಒಣಹುಲ್ಲು, ಕರಿಗಲ್ಲು. ಒಂದು ಓತಿಕೇತ, ಎರಡು ಕಾಗೆ ಎಂದು ಬರೆದು ಮುಗಿಸಿದೆ.

ಶ್ರಾವಣದಲ್ಲಿ ಮತ್ತೆ ಹೋದೆವು. ಅದೇ ಬಂಡೆಗಳ ಸಂದಿನಲ್ಲಿ ಏಡಿಗಳು, ನೀರು ನಿಂತ ಕುಳಿಗಳಲ್ಲಿ ಕಪ್ಪೆಗಳು, ನಾನು ಹೆಸರರಿಯದ ಹೂಗಳು! ಪಟ್ಟಿಯು ಎರಡು ಪುಟ ತುಂಬಿತು.

“ವೈಶಾಖದ ಪಟ್ಟಿಯನ್ನು ನಂಬಿ ಯಾರಾದರೂ ಈ ಗುಡ್ಡವನ್ನು ಅಗೆದಿದ್ದರೆ?” ಎಂದು ಮಾವನವರು ಕೇಳಿದರು.

ಅಂದು ಅವರು ಹೇಳಿದ ಕುದುರೆಮುಖದ ಕಥೆಯನ್ನು ಮುಂದೆ ನಾನು ಓದಿಯೂ ತಿಳಿದೆನು. ಅಲ್ಲಿಯ ಕಬ್ಬಿಣದ ಅದಿರನ್ನು ಭೂವಿಜ್ಞಾನಿ ಸಂಪತ್ ಅಯ್ಯಂಗಾರರು 1913ರಲ್ಲಿಯೇ ಗುರುತಿಸಿದ್ದರು. ಅದನ್ನು ತೆಗೆಯಲು 1976ರಲ್ಲಿ ಸರಕಾರಿ ಕಂಪನಿಯೊಂದು ಸ್ಥಾಪಿತವಾಯಿತು. ಆದರೆ ಉಲ್ಲಾಸ ಕಾರಂತರು ಕರ್ನಾಟಕದ ಸಿಂಗಳೀಕಗಳ ಸಮೀಕ್ಷೆಯನ್ನು ನಡೆಸಿದ್ದು 1983–84ರಲ್ಲಿ. ಅಷ್ಟರಲ್ಲಿ ಗುಡ್ಡವು ಕರಗತೊಡಗಿತ್ತು. ಕಬ್ಬಿಣದ ಲೆಕ್ಕ ಮೊದಲಾಯಿತು, ಜೀವದ ಲೆಕ್ಕ ಆಮೇಲಾಯಿತು.

ಕಪ್ಪು ಮೈ, ಮುಖದ ಸುತ್ತ ಬೆಳ್ಳಿಯ ಕೇಸರ, ಬಾಲದ ತುದಿಗೆ ಸಿಂಹದಂತೆ ಕುಚ್ಚು ಇರುವ ಈ ಕೋತಿಯು ಸಹ್ಯಾದ್ರಿಯ ದಕ್ಷಿಣ ಭಾಗದ ಕಾಡುಗಳಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲಿಯೂ ಸಹಜವಾಗಿ ವಾಸಿಸುವುದಿಲ್ಲ. ಅದು ಹೆಚ್ಚಾಗಿ ಮರದಿಂದ ಮರಕ್ಕೆ ದಾಟುತ್ತ, ಹಣ್ಣು ಹುಳುಗಳನ್ನು ತಿಂದು ಬದುಕುತ್ತದೆ. ಆದುದರಿಂದ ಅದರ ನೆಲೆಯನ್ನು ಪರೀಕ್ಷಿಸುವವರು ಬರಿಯ ತಲೆಗಳನ್ನು ಎಣಿಸಿದರೆ ಸಾಲದು. ಯಾವ ತಿಂಗಳಲ್ಲಿ ಯಾವ ಮರ ಹಣ್ಣು ಬಿಡುತ್ತದೆ, ಕೊಂಬೆಗಳ ಸಾಲು ಎಲ್ಲಿ ತುಂಡಾಗಿದೆ, ಒಂದು ಹಿಂಡಿನಿಂದ ಇನ್ನೊಂದು ಹಿಂಡಿಗೆ ದಾರಿಯುಂಟೆ ಎಂಬುದನ್ನೆಲ್ಲ ನೋಡಬೇಕು. ಒಂದು ದಿನ ಕಾಣಲಿಲ್ಲವೆಂದ ಮಾತ್ರಕ್ಕೆ ‘ಇಲ್ಲ’ವೆಂದು ಬರೆಯಲಾಗದು.

1987ರಲ್ಲಿ ಕುದುರೆಮುಖವು ರಾಷ್ಟ್ರೀಯ ಉದ್ಯಾನವಾಯಿತು. ಗಣಿಯ ಮಣ್ಣು ಮಳೆಯಲ್ಲಿ ತೊಳೆದುಹೋಗಿ ಭದ್ರೆಯನ್ನು ಸೇರುತ್ತಿದೆಯೆಂಬ ಕೂಗೂ ಎದ್ದಿತು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು.

“ಸಿಂಗಳೀಕದ ಮೇಲೆ ನನಗೆ ಸಿಟ್ಟಿಲ್ಲ,” ಎಂದರು ಮಾವನವರು. “ಮೊದಲೇ ಎಣಿಸಿದ್ದರೆ ನಾನು ಅಲ್ಲಿ ಮನೆಯನ್ನೇ ಹೂಡುತ್ತಿರಲಿಲ್ಲ. ತಡವಾಗಿ ಎಣಿಸಿದ್ದರಿಂದ ಅದೂ ಕಳೆದುಕೊಂಡಿತು, ನಾನೂ ಕಳೆದುಕೊಂಡೆ.”

ದೊಡ್ಡ ಗಣಿಗಳನ್ನು ತೋಡುವ ಮುನ್ನ ಪರಿಸರದ ಮೇಲಾಗುವ ಪರಿಣಾಮವನ್ನು ಪರೀಕ್ಷಿಸುವುದು 1994ರಿಂದ ನಮ್ಮ ದೇಶದಲ್ಲಿ ಕಡ್ಡಾಯವಾಗಿದೆ. ಕಾಯಿದೆಯಿದ್ದರೂ, ಪಟ್ಟಿಯನ್ನು ಬರೆಯುವ ಕೈ ಅವಸರದ್ದಾದರೆ ಅದು ನನ್ನ ವೈಶಾಖದ ಪಟ್ಟಿಯೇ ಆದೀತು.

ಆ ವಹಿಯು ಇಂದಿಗೂ ನನ್ನಲ್ಲಿದೆ. ಮಾವನವರ ಮೊಣಕಾಲುಗಳು ಈಗ ಗುಡ್ಡ ಹತ್ತಗೊಡುವುದಿಲ್ಲ. ಪ್ರತಿ ಶ್ರಾವಣದಲ್ಲಿ ನಾನೊಬ್ಬನೇ ಹೋಗಿಬರುತ್ತೇನೆ. ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಅವರ ಪ್ರಶ್ನೆ ಕೇಳಿಸುತ್ತದೆ: “ಈ ಸಲ ಹೊಸಬರು ಯಾರಪ್ಪಾ?”