ಸೋಫಾದಿಂದ ಎಬ್ಬಿಸಿ

"ನಮ್ಮೂರಲ್ಲಿ ಈ ಕ್ರೋನ್ಸ್, ಕೊಲೈಟಿಸ್ ಅಂತ ಕೇಳೇ ಇರಲಿಲ್ಲವಲ್ಲ ಡಾಕ್ಟ್ರೇ" ಎನ್ನುತ್ತಾರೆ ಎಟೋಬಿಕೋಕ್‌ನ ನಮ್ಮ ಕನ್ನಡ ತಂದೆತಾಯಿಯರು. ನಿಜ. ಆದರೆ ದಕ್ಷಿಣ ಏಷ್ಯಾದಿಂದ ಬಂದವರಿಗೆ ಒಂಟಾರಿಯೊದಲ್ಲಿ ಹುಟ್ಟಿದ ಮಕ್ಕಳಿಗೆ ಕರುಳಿನ ಈ ಉರಿಯೂತದ ಸಂಭವ ಇಲ್ಲಿನವರ ಮಕ್ಕಳಷ್ಟೇ ಇದೆಯೆಂದು 2015ರ ಅಧ್ಯಯನವೊಂದು ತೋರಿಸಿತು.

ಕಾಯಿಲೆ ಗೊತ್ತಾದೊಡನೆ ನಾವು ಮಾಡುವುದೇನು? ಮೊಸರನ್ನ ತಿನ್ನಿಸಿ ಸೋಫಾದ ಮೇಲೆ ಮಲಗಿಸುವುದು! ಓಡಿದರೆ ರಕ್ತ ಹೋದೀತೆಂದು ಹದಿನಾರರ ಹುಡುಗನೊಬ್ಬನ ಸಾಕರ್ ಅನ್ನೇ ತಾಯಿ ನಿಲ್ಲಿಸಿದ್ದರು. ಔಷಧಿಯಿಂದ ರೋಗ ಹತೋಟಿಯಲ್ಲಿದ್ದರೆ ಹದವಾದ ವ್ಯಾಯಾಮ ಉರಿಯೂತವನ್ನು ಕೆರಳಿಸುವುದಿಲ್ಲ; ಸುಸ್ತು, ಬೇಸರ ಕಡಿಮೆಯಾಗಬಹುದು. ಸ್ಟೀರಾಯ್ಡ್ ತಿಂದು ಸವೆದ ಮೂಳೆಗಂತೂ ಈಜು, ಸೈಕಲ್ಲಿಗಿಂತ ನಡಿಗೆ, ಓಟವೇ ಒಳ್ಳೆಯದು. ಜ್ವರ, ರಕ್ತಭೇದಿ ಇದ್ದಾಗ ಮಾತ್ರ ವಿಶ್ರಾಂತಿ, ವೈದ್ಯರಿಗೆ ಫೋನು. ರಕ್ತಹೀನತೆ ಇದೆಯೇ ಎಂದೂ ಮೊದಲು ನೋಡಿಸಿ.

ಹುಡುಗನ ಭಯವೇ ಬೇರೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ: "ಗ್ರೌಂಡಲ್ಲಿ ಅರ್ಜೆಂಟ್ ಆದ್ರೆ ಬಾತ್‌ರೂಮ್ ಎಲ್ಲಿ ಅಂಕಲ್?" ಇದನ್ನು ನಮ್ಮ ಯಾವ ಪಠ್ಯಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಬಾತ್‌ರೂಮ್‌ಗಳನ್ನು ಗುರುತು ಹಾಕಿಕೊಂಡು ಹಂಬರ್ ನದಿಯ ದಾರಿ ಆರಿಸಿದೆವು. ಚಳಿಗಾಲದಲ್ಲಿ ಪಾರ್ಕಿನವು ಎಷ್ಟೋ ಮುಚ್ಚಿರುತ್ತವೆ. ಆಗ ಶೆರ್‌ವೇ ಗಾರ್ಡನ್ಸ್ ಮಾಲಿನೊಳಗೇ ಬಿರುಸು ನಡಿಗೆ. ವಾರಕ್ಕೆ 3 ದಿನ, 30 ನಿಮಿಷ. ಈಗ ಅಪ್ಪನೂ ಜೊತೆಗೆ ಹೋಗುತ್ತಾರೆ, ಅವರಿಗೆ ಶುಗರ್ ಬೇರೆ ಇದೆಯಲ್ಲ.