ಎರಡು ದೇಶಗಳ ಶಾಲೆಗಳು

ಬ್ರಿಟನ್ನಿನ ಶಾಲಾಶಿಕ್ಷಣವು ಶ್ರೇಷ್ಠವೋ ಆಸ್ಟ್ರೇಲಿಯಾದ್ದು ಶ್ರೇಷ್ಠವೋ ಎಂಬ ವಾದವು ಅಂಕಗಳಿಂದ ತೀರುವಂಥದಲ್ಲ. 2022ರ ಪೀಸಾ ಪರೀಕ್ಷೆಯಲ್ಲಿ ಹದಿನೈದು ವಯಸ್ಸಿನ ಮಕ್ಕಳು ಗಣಿತದಲ್ಲಿ ಪಡೆದ ಸರಾಸರಿಯು ಬ್ರಿಟನ್ನಿನಲ್ಲಿ 489, ಆಸ್ಟ್ರೇಲಿಯಾದಲ್ಲಿ 487. ವಾಚನದಲ್ಲಿ ಕ್ರಮವಾಗಿ 494, 498. ಇಷ್ಟು ಅಂತರಕ್ಕಾಗಿ ಯಾರಾದರೂ ಸಮುದ್ರವನ್ನು ದಾಟುವರೆ? ನಮ್ಮ ಸಂಸ್ಕೃತಪಕ್ಷಪಾತಕ್ಕೂ ಇಲ್ಲಿ ಎಡೆಯಿಲ್ಲ. ಲಂಡನ್ನಿನ ಸೇಂಟ್ ಜೇಮ್ಸ್ ಶಾಲೆಯಲ್ಲಿಯೂ ಸಿಡ್ನಿಯ ಜಾನ್ ಕೊಲೆಟ್ ಶಾಲೆಯಲ್ಲಿಯೂ ಮಕ್ಕಳು ಸಂಸ್ಕೃತವನ್ನು ಕಲಿತಿರುವರು.

ನಿಜವಾದ ಭೇದವು ಹದಿನಾರರ ಮೇಲೆ ತೋರುವುದು. ಇಂಗ್ಲೆಂಡಿನಲ್ಲಿ (ಸ್ಕಾಟ್ಲೆಂಡಿನ ಕ್ರಮವೇ ಬೇರೆ) ಜಿ.ಸಿ.ಎಸ್.ಇ. ಮುಗಿಸಿದ ವಿದ್ಯಾರ್ಥಿಯು ಎ-ಲೆವೆಲಿಗೆ ಸಾಮಾನ್ಯವಾಗಿ ಮೂರೇ ವಿಷಯಗಳನ್ನು ಆರಿಸಿಕೊಳ್ಳುವನು. ಗಣಿತ, ಭೌತ, ರಸಾಯನಗಳನ್ನು ಹಿಡಿದರೆ ಸಾಹಿತ್ಯಕ್ಕೆ ಅಂದೇ ತರ್ಪಣ! ಆಳವು ಲಭಿಸುವುದು, ದಿಟ. ಆದರೆ ಹದಿನಾರರ ಮಗುವಿಗೆ ತನ್ನ ಒಲವು ಅಷ್ಟು ನಿಶ್ಚಿತವಾಗಿರುವುದೇ ಎಂಬುದು ಮೂವತ್ತು ವರ್ಷ ಪಾಠ ಹೇಳಿದ ನಮ್ಮ ಸಂಶಯ. ಮೆಲ್ಬರ್ನಿನಲ್ಲಿ ವಿ.ಸಿ.ಇ. ಪರೀಕ್ಷೆಗೆ ಐದಾರು ವಿಷಯಗಳುಂಟು, ಇಂಗ್ಲಿಷನ್ನು ಬಿಡುವಂತಿಲ್ಲ.

ಇದು ನಮಗೆ ಬರಿಯ ತರ್ಕವಲ್ಲ. ಲಂಡನ್ನಿನಲ್ಲಿರುವ ನಮ್ಮ ತಂಗಿಯ ಮಗನಿಗೆ ಮೆಲ್ಬರ್ನಿನಲ್ಲಿ ಕೆಲಸ ದೊರೆತಿದೆ. ಅವನ ಮಗಳಿಗೆ ಹದಿನೈದು. "ಮಾವ, ಈಗಲೇ ಹೊರಡಲೇ?" ಎಂದು ಕೇಳಿದ್ದಾನೆ. ಹುಡುಗಿಗೆ ಗಣಿತವೂ ಬೇಕು, ಚರಿತ್ರೆಯೂ ಬೇಕು, ಚಿತ್ರಕಲೆಯೂ ಬೇಕಂತೆ. ಹಿಡಿದ ಜಿ.ಸಿ.ಎಸ್.ಇ. ವ್ಯಾಸಂಗವನ್ನು ನಡುವೆ ಕಡಿಯಬೇಡ. ಬೇಸಗೆಯ ಪರೀಕ್ಷೆ ಮುಗಿಸಿ, ಜನವರಿಯ ಕೊನೆಗೆ ಆರಂಭವಾಗುವ ಅಲ್ಲಿನ ಹನ್ನೊಂದನೆಯ ತರಗತಿಗೆ ಸೇರಿಸು ಎಂದು ಬರೆದಿದ್ದೇವೆ. ನಡುವಿನ ತಿಂಗಳುಗಳಲ್ಲಿ ಅವಳನ್ನು ನಮ್ಮಲ್ಲಿಗೆ ಕಳುಹಿಸಿದರೆ ಶಬ್ದಮಂಜರಿಯನ್ನು ಹೇಳಿಕೊಡುವುದಾಗಿಯೂ ಸೇರಿಸಿದ್ದೇವೆ.