ಅಂಗಳದ ಕಲ್ಲು

ಬಾಸೆಲ್ ಮಿಷನ್ನಿನ ಪತ್ರಾಗಾರದಲ್ಲಿ ಮೂರು ವಾರ ಕೂತು, ನಮ್ಮ ಕರಾವಳಿಯ ಬಗ್ಗೆ ಪಾದ್ರಿಗಳು ಬರೆದ ಹಳೆಯ ಪತ್ರಗಳನ್ನು ಓದಿ ಊರಿಗೆ ಹೊರಟಿದ್ದೆ. ವಿಮಾನ ಇದ್ದದ್ದು ಫ್ರಾಂಕ್‌ಫರ್ಟಿನಿಂದ, ರಾತ್ರಿಗೆ. ಬೆಳಗಿನ ರೈಲಿನಲ್ಲಿ ಬಂದಿಳಿದವಳಿಗೆ ಒಂದಿಡೀ ಹಗಲು ಉಳಿದಿತ್ತು. ಪೆಟ್ಟಿಗೆಯನ್ನು ಸ್ಟೇಷನ್ನಿನ ಲಾಕರಿನಲ್ಲಿಟ್ಟು ಹಳೆಪೇಟೆ ನೋಡಲು ನಡೆದೆ.

ಕಿರಿದಾದ ಓಣಿಗಳು. ಒಂದರ ಮೇಲೊಂದು ಮಹಡಿ ಮುಂದಕ್ಕೆ ಚಾಚಿಕೊಂಡ ಮನೆಗಳು, ಗೋಡೆಗಳಲ್ಲಿ ಮರದ ಚೌಕಟ್ಟು. ಹ್ಯೂನರ್‌ಮಾರ್ಕ್ಟ್ ಎಂಬ ಪುಟ್ಟ ಚೌಕ. ಹೆಸರಿನ ಅರ್ಥ ಕೋಳಿಸಂತೆ. ಅಲ್ಲೇ ಹತ್ತಿರ ‘ಚಿನ್ನದ ತಕ್ಕಡಿ’ ಎಂಬ ಮನೆ. 1619ರ ಸುಮಾರಿಗೆ ಅದನ್ನು ಕಟ್ಟಿಸಿದವನು ಅಬ್ರಹಾಂ ಫಾನ್ ಹಾಮೆಲ್, ಬೇರೆ ಊರಿನಿಂದ ಬಂದು ನೆಲೆಸಿದ ಸಂಬಾರ ಪದಾರ್ಥಗಳ ವ್ಯಾಪಾರಿ. ಹಳೆಯ ಮನೆ ಕಂಡರೆ ಮೊದಲು ಹೊಸ್ತಿಲು ನೋಡುವುದು ನನ್ನ ಅಭ್ಯಾಸ. ಇಲ್ಲಿ ಯಾವ ಹೊಸ್ತಿಲೂ ಸವೆದಿರಲಿಲ್ಲ.

ಸವೆಯುವುದಾದರೂ ಹೇಗೆ? ಆ ಮನೆಗಿಂತ ನನಗೇ ವಯಸ್ಸು ಹೆಚ್ಚು. ನಿಜವಾದ ಹಳೆಪೇಟೆ 1944ರ ಮಾರ್ಚ್ ತಿಂಗಳ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಆ ಜಾಗದಲ್ಲಿ 1974ರ ಹೊತ್ತಿಗೆ ನಗರಾಡಳಿತದ ದೊಡ್ಡದೊಂದು ಕಾಂಕ್ರೀಟ್ ಕಟ್ಟಡ ಎದ್ದಿತ್ತು. ಅದನ್ನೂ ಕೆಡವಿ, 2018ರ ಹೊತ್ತಿಗೆ 35 ಮನೆಗಳನ್ನು ಕಟ್ಟಿ ಮುಗಿಸಿದರು. ಅವುಗಳಲ್ಲಿ 15 ಮೊದಲಿದ್ದಂತೆಯೇ ಇವೆ, ಉಳಿದ 20 ಹಳೆಯದಕ್ಕೆ ಹೊಂದುವ ಹೊಸ ಮನೆಗಳು. ಅಲ್ಲಲ್ಲಿ ಉಳಿದಿದ್ದ ಹಳೆಯ ಕೆತ್ತನೆಯ ಕಲ್ಲುಗಳನ್ನು ಗೋಡೆಗಳಲ್ಲಿ ಸೇರಿಸಿದ್ದಾರೆ.

ಆ ಚೌಕದಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಅಮ್ಮನ ಫೋನು ಬಂತು. ಪೊಳಲಿಯ ಅಜ್ಜಿಮನೆಯನ್ನು ಮಳೆಗಾಲಕ್ಕೆ ಮೊದಲು ಕೆಡವುವುದೆಂದು ಮಾವ ತೀರ್ಮಾನ ಮಾಡಿದ್ದಾರಂತೆ.

“ಚಾವಡಿಯ ಕಂಬ ನಾಲ್ಕನ್ನೂ ಯಾರೋ ರೆಸಾರ್ಟಿನವರು ತಗೊಳ್ತಾರಂತೆ. ಮಾಡಿನ ಮರಕ್ಕೂ ಬೆಲೆ ಉಂಟಂತೆ.”

“ಬೇಡ ಅಂತ ಹೇಳಮ್ಮ.”

“ನೀನು ಜರ್ಮನಿಯಲ್ಲಿ ಕೂತು ಬೇಡ ಅಂದರೆ ಆಗ್ತದಾ? ಪ್ರತಿವರ್ಷ ಹಂಚು ಸರಿಮಾಡ್ಲಿಕ್ಕೆ ಜನ ಎಲ್ಲಿದ್ದಾರೆ?”

ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ಆ ಮನೆಯನ್ನು ಹಾಗೆಯೇ ಕಟ್ಟಬಹುದಲ್ಲ ಎಂಬ ಯೋಚನೆ ಮಾತ್ರ ಬಂತು. ಎದುರಿಗೇ ಒಂದು ಪೇಟೆಯನ್ನು ಹಾಗೆ ಕಟ್ಟಿ ನಿಲ್ಲಿಸಿದ್ದರು.

ಇದೆಲ್ಲ ನಕಲಿ ಎಂದು ಮೂಗು ಮುರಿಯುವುದು ಸುಲಭ. ಪೊಳಲಿಯವಳಾದ ನನಗೆ ಅದು ಅಷ್ಟು ಸುಲಭವಲ್ಲ. ಹಳಗನ್ನಡದಲ್ಲಿ ಪೊಳಲ್ ಎಂದರೆ ಪಟ್ಟಣ. ಈಗ ನಮ್ಮಲ್ಲಿರುವುದು ಗದ್ದೆ, ತೋಟ, ಫಲ್ಗುಣಿ ನದಿ ಮತ್ತು ರಾಜರಾಜೇಶ್ವರಿಯ ದೇವಸ್ಥಾನ. ದೇವಿಯದು ಮಣ್ಣಿನ ಮೂರ್ತಿ. ಕಾಲಕಾಲಕ್ಕೆ ಅದಕ್ಕೆ ಔಷಧೀಯ ದ್ರವ್ಯಗಳ ಲೇಪ ಆಗಬೇಕು. 2019ರಲ್ಲಿ ಜೀರ್ಣೋದ್ಧಾರ ಮುಗಿದು ಬ್ರಹ್ಮಕಲಶವಾದಾಗ ಊರಿಗೆ ಊರೇ ಸೇರಿತ್ತು. ಇವಳು ಹೊಸ ದೇವಿ ಎಂದು ಒಬ್ಬರೂ ಹೇಳಲಿಲ್ಲ. ಅಜ್ಜಿಮನೆಯ ಮಾಡಾದರೂ ಎಷ್ಟು ಹಳೆಯದು? ಮುಳಿಹುಲ್ಲು ಹೋಗಿ ಮಂಗಳೂರು ಹಂಚು ಬಂದದ್ದು ಅಜ್ಜಿ ಮದುವೆಯಾಗಿ ಬಂದಮೇಲೆ. ಆ ಹಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್ ಮಂಗಳೂರಿನಲ್ಲಿ ತೆರೆದದ್ದು 1865ರಲ್ಲಿ. ಅದನ್ನು ಕಟ್ಟಿ ನಿಲ್ಲಿಸಿದವನು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್. ಹಾಗಿರುವಾಗ ಹೊಸ ಮರ, ಹೊಸ ಗಾರೆ ಎಂಬ ಕಾರಣಕ್ಕೇ ಒಂದು ಮನೆಯನ್ನು ಸುಳ್ಳು ಎನ್ನಲಾರೆ.

ಫ್ರಾಂಕ್‌ಫರ್ಟಿನ ಈ ಪೇಟೆಯ ಬಗ್ಗೆ ಜರ್ಮನಿಯಲ್ಲೇ ಜಗಳವಾಗಿದೆ. ಅದರ ಪ್ರಶ್ನೆ ಬೇರೆಯದು. ಇಂಥ ಪುನರ್ನಿರ್ಮಾಣದ ಬೇಡಿಕೆಯನ್ನು ಮುಂದಿಟ್ಟವರಲ್ಲಿ ತೀವ್ರ ಬಲಪಂಥೀಯರಿದ್ದರು ಎಂದು ವಾಸ್ತುಶಿಲ್ಪ ಸಿದ್ಧಾಂತಿ ಸ್ಟೆಫಾನ್ ಟ್ರ್ಯೂಬಿ 2018ರಲ್ಲಿ ಬರೆದರು. ಚೆಂದದ ಹಳೆಯ ಕಾಲವನ್ನು ಎತ್ತಿ ನಿಲ್ಲಿಸಿದರೆ ನಡುವಿನ ಕೆಟ್ಟ ಕಾಲ ಕಣ್ಣಿಗೆ ಬೀಳುವುದಿಲ್ಲ ಎಂಬುದು ಆಕ್ಷೇಪ. ಕಳೆದುಹೋದ ನಮ್ಮ ಪೇಟೆ ನಮಗೆ ಬೇಕು ಎನ್ನುವುದು ತಪ್ಪೇ ಎಂದು ಇನ್ನೊಂದು ಕಡೆಯವರು ಕೇಳಿದರು. ವಿಮಾನದಲ್ಲಿ ಕೂತಾಗ ನಾನು ಇವರ ಪಕ್ಷದಲ್ಲಿದ್ದೆ. ಅಜ್ಜಿಮನೆಯ ತಣ್ಣಗಿನ ನೆಲ, ಅಡುಗೆಮನೆಯ ಹೊಗೆ, ಅಂಗಳಕ್ಕೆ ಹಾಸಿದ ಅಡಿಕೆ, ಎಲ್ಲವೂ ನನಗೆ ವಾಪಸು ಬೇಕಿತ್ತು.

ಊರು ಮುಟ್ಟಿದ ಮರುವಾರ ಅಜ್ಜಿಯನ್ನು ಮಣಿಪಾಲದ ಹೆರಿಟೇಜ್ ವಿಲೇಜಿಗೆ ಕರೆದುಕೊಂಡು ಹೋದೆ. ನಮ್ಮಲ್ಲಿ ಫ್ರಾಂಕ್‌ಫರ್ಟಿಗೆ ಹತ್ತಿರದ್ದು ಎಂದರೆ ಅದೇ. ಅದನ್ನು ಮಾಡಿದ ವಿಜಯನಾಥ ಶೆಣೈ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು, 2017ರಲ್ಲಿ ತೀರಿಕೊಂಡರು. ಕೆಡವಲು ಹೊರಟಿದ್ದ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದರು. ಮಿಯಾರಿನ ಮನೆ, ಕುಂಜೂರಿನ ಚೌಕಿ ಮನೆ, ಕುಕನೂರಿನ ಕಮಲ ಮಹಲ್, ಮುಧೋಳದ ದರ್ಬಾರ್ ಹಾಲ್. ಇಲ್ಲಿ ಹಳೆಯ ಮರವೇ ಇದೆ, ಸವೆದ ಹೊಸ್ತಿಲೇ ಇದೆ. ಆ ಮನುಷ್ಯ ಅಷ್ಟು ಹಟ ಮಾಡದೆ ಇದ್ದಿದ್ದರೆ ಇವೆಲ್ಲ ಎಂದೋ ಸೌದೆಯಾಗಿ ಹೋಗುತ್ತಿದ್ದವು.

ಅಜ್ಜಿ ಒಂದು ಕಂಬವನ್ನು ಸವರಿ ನೋಡಿದರು. ಆಮೇಲೆ ಜಗಲಿಯ ಅಂಚಿನಲ್ಲಿ ನಿಂತು ಅಂಗಳವನ್ನೇ ನೋಡುತ್ತಾ ತುಳುವಿನಲ್ಲಿ ಕೇಳಿದರು: “ನಮ್ಮ ಮನೆಯನ್ನೂ ಹೀಗೆ ಎತ್ತಿ ತಂದರೆ ಆ ಕಲ್ಲನ್ನೂ ತರ್ತಾರಾ?”

“ಯಾವ ಕಲ್ಲು?”

“ಅಂಗಳದ ಬದಿಯಲ್ಲಿ ಉಂಟಲ್ಲ, ಚಪ್ಪಟೆ ಕಲ್ಲು. ಕೆಲಸದವರು ಅದರಿಂದ ಈಚೆ ಬರ್ಲಿಕ್ಕಿರಲಿಲ್ಲ. ಗಂಜಿನೀರು ಅಲ್ಲಿಗೇ ಕೊಂಡುಹೋಗಿ ಗೆರಟೆಗೆ ಎರೆಯುತ್ತಿದ್ದೆವು. ಮೇಲಿನಿಂದ.”

ಆ ಕಲ್ಲು ನನಗೆ ಚೆನ್ನಾಗಿ ಗೊತ್ತು. ರಜೆಯಲ್ಲಿ ಅಜ್ಜಿಮನೆಗೆ ಹೋದಾಗ ಆಟಕ್ಕೆ ಬರುತ್ತಿದ್ದ ನನ್ನ ಪ್ರಾಯದ ಹುಡುಗಿಯೊಬ್ಬಳು ಯಾವಾಗಲೂ ನಿಲ್ಲುತ್ತಿದ್ದದ್ದು ಅದರ ಮೇಲೆ. ಅವಳ ಅಜ್ಜಿ ನಮ್ಮ ಗದ್ದೆಯಲ್ಲಿ ನೇಜಿ ನೆಡುತ್ತಿದ್ದವರು. ಅಷ್ಟು ಹೊತ್ತಿಗೆ ಯಾರೂ ಅವಳನ್ನು ತಡೆಯುತ್ತಿರಲಿಲ್ಲ; ಒಳಗೆ ಬಾ ಎಂದು ನಾನೇ ಎಷ್ಟೋ ಸಲ ಕರೆದಿದ್ದೇನೆ. ಬರುತ್ತಿರಲಿಲ್ಲ. ಪಾಪ, ನಾಚಿಕೆ ಸ್ವಭಾವದವಳು ಎಂದುಕೊಂಡಿದ್ದೆ. ಇಪ್ಪತ್ತು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಕರಾವಳಿಯ ಒಕ್ಕಲುತನದ ಬಗ್ಗೆ ಪಿಎಚ್.ಡಿ. ಮಾಡುತ್ತಿರುವವಳು, ಬಾಸೆಲಿನವರೆಗೆ ಹೋಗಿ ದಾಖಲೆ ಹುಡುಕಿದವಳು!

ಮನೆಯನ್ನು ಉಳಿಸಿ ಎಂದು ಮಾವನಲ್ಲಿ ನಾನು ಹಟ ಮಾಡಲಿಲ್ಲ. ಒಂದು ವಾರದ ಸಮಯ ಮಾತ್ರ ಕೇಳಿದೆ. ಟೇಪು ಹಿಡಿದು ಚಾವಡಿ, ಪಡಸಾಲೆ, ಅಟ್ಟ, ಕೊಟ್ಟಿಗೆ ಎಲ್ಲವನ್ನೂ ಅಳೆದೆ. ಯಾವತ್ತಾದರೂ ಯಾರಾದರೂ ಆ ಮನೆಯನ್ನು ಮತ್ತೆ ಕಟ್ಟಬೇಕೆಂದರೆ ಸಾಕಾಗುವಷ್ಟು ಅಳತೆಗಳು ಆ ನಕ್ಷೆಯಲ್ಲಿವೆ. ಜಗಲಿಯ ಮೆಟ್ಟಿಲಿನಿಂದ ಆ ಕಲ್ಲಿಗೆ ಇಪ್ಪತ್ತೊಂದು ಅಡಿ.

“ಆ ಕಲ್ಲನ್ನು ಎಂತಕ್ಕೆ ಅಳೆಯುವುದು? ಅದನ್ನು ಯಾರೂ ಕೇಳಲಿಲ್ಲ” ಎಂದರು ಮಾವ.

ಕಂಬಗಳು ಮೇ ತಿಂಗಳಲ್ಲಿ ಲಾರಿ ಹತ್ತಿದವು. ಅದರ ಹಿಂದಿನ ರಾತ್ರಿ ನಕ್ಷೆಯನ್ನು ಅಜ್ಜಿಯ ಎದುರು ಹರಡಿ, ಬರೆದದ್ದನ್ನೆಲ್ಲ ಓದಿ ಹೇಳಿದೆ. ಕಲ್ಲಿನ ಪಕ್ಕದಲ್ಲಿ ‘ಕೆಲಸದವರು ಇಲ್ಲಿಯವರೆಗೆ ಮಾತ್ರ’ ಎಂದು ಬರೆದಿದ್ದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಗೆರಟೆ ಅಂತಲೂ ಬರಿ” ಎಂದರು.